ಪೂಜೆಯಾದ ಒಂಟಿಗುಂಡಿನ ಬಂದೂಕು

ಇವತ್ತು ಬೆಳಿಗ್ಗೆ ಸಿಂಗಪುರದ ಆಂಗ್ ಮೋ ಕಿಯೋದ ನನ್ನ ವರ್ಕ್‌ಶಾಪಿನಲ್ಲಿ ಆಯುಧಪೂಜೆ ಮುಗಿಸಿ, ಫೋರ್ಕ್‌ಲಿಫ್ಟಿನ ಚಕ್ರದಡಿ ನಿಂಬೆಹಣ್ಣಿಟ್ಟು ಗಾಡಿ ಮುಂದಕ್ಕೆ ತರಲು ಹೇಳಿದೆ. ಹಣ್ಣು ಪಚಕ್ಕೆಂದು ಒಡೆಯಿತು. ನೆಲಕ್ಕೆ ಹಿಡಿದಿದ್ದ ಎಣ್ಣೆಯ ವಾಸನೆಯ ಮೇಲೆ ನಿಂಬೆಯ ವಾಸನೆ ಎದ್ದು ಬಂತು. ಆ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ದೇವರು ನೆನಪಾಗುವುದಿಲ್ಲ, ಎದುರುಮನೆಯಾತ ನೆನಪಾಗುತ್ತಾನೆ. ಹಬ್ಬದ ದಿನ ನೆನೆಯಬೇಕಾದ ಮನುಷ್ಯನೇನೂ ಅಲ್ಲ...

ಬುಕಿತ್ ಬಾಟೋಕ್‌ನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಆತನದು. ಮೈಸೂರಿನ ಕಡೆಯವನು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಮ್ಯಾನೇಜರ್. ನನ್ನ ಮಕ್ಕಳು ಆತನನ್ನು ಅಂಕಲ್ ಎನ್ನುತ್ತಿದ್ದರು, ನಾನು ಸರ್ ಎನ್ನುತ್ತಿದ್ದೆ. ಆ ಸರ್ ಎಂಬ ಮಾತು ನನ್ನ ಬಾಯಿಂದ ಹೇಗೆ ಬರುತ್ತಿತ್ತು ಎಂಬುದು ನನಗೆ ಗೊತ್ತು, ಬಹುಶಃ ಆತನಿಗೂ. ಅಷ್ಟು ಸಂಬಳದ ಮನುಷ್ಯ ಹಾಕರ್ ಸೆಂಟರಿನ ಅಗ್ಗದ ಊಟ ಮುಗಿಸಿ ಬರುವಾಗ ಮೆಣಸಿನ ಸಾಸಿನ ಪುಟ್ಟ ಪೊಟ್ಟಣಗಳನ್ನು ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಕೆಳಗೆ, ಕಟ್ಟಡದ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಬೆಂಚಿನಲ್ಲಿ ಯಾರೋ ಓದಿ ಬಿಟ್ಟ ಪೇಪರನ್ನು ಇಸ್ತ್ರಿ ಮಾಡಿದಂತೆ ಮಡಚಿ ಮನೆಗೆ ಒಯ್ಯುತ್ತಿದ್ದ. ಐಸ್‌ಕ್ರೀಮ್ ತಿಂದು ಮುಗಿಸಿದ ಡಬ್ಬಿಯಲ್ಲಿ ಆತನ ಮೊಸರನ್ನ ಆಫೀಸಿಗೆ ಹೋಗುತ್ತಿತ್ತು. ಏನು ಕೇಳಿದರೂ ಒಂದೇ ಮಂತ್ರ, "ವ್ಯಾಲ್ಯೂ ಫಾರ್ ಮನಿ ನೋಡ್ಬೇಕು ಗುರುಗಳೇ."

ನಾನು ಓದಿದವನಲ್ಲ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ ಕಬ್ಬಿಣದ ಸಿಪ್ಪೆ ಗುಡಿಸುವುದರಿಂದ ಶುರು ಮಾಡಿದವನು. ಅಲ್ಲಿಂದ ಇಲ್ಲಿಗೆ ಬಂದು, ಬೇರೆಯವರ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತು, ಕೊನೆಗೆ ನನ್ನದೇ ನಾಲ್ಕು ಯಂತ್ರ ಮಾಡಿಕೊಂಡೆ. ಹಾಗೆ ದುಡಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ. ಉಪಕರಣದಲ್ಲಿ ಜಿಪುಣತನ ಮಾಡುವವನು ಕೆಲಸದಲ್ಲಿ ಸುಳ್ಳು ಹೇಳುತ್ತಾನೆ. ನಾನು ಹರಿದ ಚಪ್ಪಲಿ ಹಾಕಿದ್ದೇನೆ, ಆದರೆ ಅಗ್ಗದ ಮೈಕ್ರೋಮೀಟರ್ ಮುಟ್ಟಿದವನಲ್ಲ.

ಬಂದೂಕಿನ ಹುಚ್ಚು ಹಿಡಿಸಿದ್ದು ನನ್ನ ಮೊದಲ ಚೀನೀ ಧಣಿ. ಆತನೇ ನನ್ನನ್ನು ಶೂಟಿಂಗ್ ಕ್ಲಬ್ಬಿಗೆ ಸೇರಿಸಿದ. ಸಿಂಗಪುರದಲ್ಲಿ ಬಂದೂಕು ಮನೆಗೆ ತರುವಂತಿಲ್ಲ. ದುಡ್ಡು ನಮ್ಮದು, ಬೀಗದ ಕೈ ಕ್ಲಬ್ಬಿನದು. ಅಲ್ಲಿನ ಬಂದೂಕು ಕೋಣೆಯನ್ನು ಒಬ್ಬ ವಯಸ್ಸಾದ ಚೀನೀ ಅಂಕಲ್ ನೋಡಿಕೊಳ್ಳುತ್ತಿದ್ದರು. ಕೈಗೆ ಬಂದೂಕು ಕೊಡುವುದು, ವಾಪಸ್ ಪಡೆದು ಒರೆಸಿ ಗೂಟಕ್ಕೆ ನಿಲ್ಲಿಸುವುದು ಅವರ ಕೆಲಸ. ನಾನು ವರ್ಷಗಟ್ಟಲೆ ಕೂಡಿಟ್ಟು ಒಂದು ಜರ್ಮನ್ ರೈಫಲ್ ಕೊಂಡೆ. ಅದರ ಬೋಲ್ಟ್ ಎಳೆದರೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ.

ಇದನ್ನು ಎದುರುಮನೆಯಾತನಿಗೆ ಲಿಫ್ಟಿನಲ್ಲಿ ಹೇಳಿದ್ದೇ ತಪ್ಪಾಯಿತು. ಆತನೂ ಕ್ಲಬ್ಬಿಗೆ ಸೇರಿದ. ಸೇರಿ, ಊರು ಬಿಟ್ಟು ಹೊರಟಿದ್ದ ಯಾರೋ ಮೆಂಬರ್ ಒಬ್ಬನಿಂದ ಎಂಥ ಬಂದೂಕು ಕೊಂಡ ಅಂತೀರಿ! ಮ್ಯಾಗ್ನಮ್ ಜಾತಿಯದು, ಅಂದರೆ ನಮ್ಮ ಸಾಮಾನ್ಯ ಪಾಯಿಂಟ್ ಟೂ ಟೂಗಿಂತ ಉದ್ದನೆಯ, ಜೋರಿನ ಗುಂಡು ತಿನ್ನುವಂಥದ್ದು. ಆದರೆ ಒಳಗೆ ಗುಂಡು ತುಂಬಿಡುವ ಡಬ್ಬಿಯೇ ಇಲ್ಲ. ನಡು ಮುರಿದು ಒಂದು ಗುಂಡು ತುರುಕಬೇಕು, ಹೊಡೆಯಬೇಕು, ಮತ್ತೆ ಮುರಿಯಬೇಕು. ಮರಕ್ಕೆ ಹಚ್ಚಿದ್ದ ಬಣ್ಣ ನೋಡಿದರೆ ಚಹಾ ಚೆಲ್ಲಿದಂತಿತ್ತು. ಟ್ರಿಗರ್ ಎಳೆಯುವುದು ಬಾವಿಯಿಂದ ಕೊಡ ಎಳೆದಷ್ಟು ಭಾರ. ನಳಿಗೆಯಂತೂ ಬೆರಳಿನಷ್ಟು ಸಪೂರ.

"ಏನ್ರೀ ಸರ್ ಇದು, ಜಾತ್ರಿಯೊಳಗ ಬಲೂನ್ ಹೊಡಿಯೋದೇನು?" ಎಂದೆ. ಸಿಟ್ಟು ಬಂದಾಗ ಮತ್ತು ನಗು ಬಂದಾಗ ನನ್ನ ಬಾಯಿಗೆ ಊರಿನ ಮಾತೇ ಬರುತ್ತದೆ.

"ಕೊಟ್ಟ ದುಡ್ಡಿಗೆ ಮೋಸ ಇಲ್ಲ ಗುರುಗಳೇ. ಒಂದೇ ಗುಂಡು, ಒಂದೇ ತಪ್ಪು. ನಿಮ್ದು ಐದು ತುಂಬ್ಕೊಳ್ಳತ್ತೆ, ಐದು ತಪ್ಪು ರೆಡಿ."

"ಇದರ ಗುಂಡಿನ ರೇಟ್ ಕೇಳಿದೀರಾ? ಅಗ್ಗದ ಎಮ್ಮೆಗೆ ದುಬಾರಿ ಹಿಂಡಿ."

"ಅದಕ್ಕೇ ಒಂದೊಂದೇ ಹಾಕೋದು. ಎಮ್ಮೆ ಹಾಲು ಕೊಡತ್ತೋ ಇಲ್ವೋ, ನೋಡೋಣ ಇರಿ."

ಹಾಲು ಕೊಟ್ಟಿತು. ಅದೇ ನನಗೆ ಸಹಿಸಲಾಗಲಿಲ್ಲ. ಐವತ್ತು ಮೀಟರಿನಲ್ಲಿ ನನ್ನ ಜರ್ಮನ್ ರೈಫಲ್ಲಿನ ಐದು ತೂತುಗಳ ಮೇಲೆ ಐದು ಸೆಂಟಿನ ನಾಣ್ಯ ಇಟ್ಟರೆ ಮುಚ್ಚಿಹೋಗುತ್ತಿದ್ದವು. ಆತನ ಒಂಟಿಗುಂಡಿನದಕ್ಕೆ ಒಂದು ಡಾಲರಿನ ನಾಣ್ಯ ಬೇಕಾಗುತ್ತಿತ್ತು. ಬಂದೂಕು ತಿಳಿದವರು ಇದನ್ನು ಓದಿದರೆ, ಅಂಥ ಬಡಕಲು ನಳಿಗೆಗೆ ಡಾಲರ್ ನಾಣ್ಯ ಎಂದರೆ ಎಷ್ಟು ದೊಡ್ಡ ಮಾತು ಎಂಬುದು ಅವರಿಗೆ ಗೊತ್ತಾಗುತ್ತದೆ. ನನಗೂ ಗೊತ್ತಾಗಿತ್ತು. ಆದರೆ ಎರಡು ಕಾಗದವನ್ನೂ ಪಕ್ಕಪಕ್ಕ ಹಿಡಿದು ತೋರಿಸಿದಾಗ ಆತ ಹೇಳಿದ್ದೇನು? "ನಿಮ್ದು ಐದು ಸೆಂಟು, ನಂದು ಒಂದು ಡಾಲರ್. ಯಾವ್ದು ಜಾಸ್ತಿ, ನೀವೇ ಹೇಳಿ." ಬಂದೂಕು ಕೋಣೆಯ ಅಂಕಲ್‌ಗೂ ಅದನ್ನು ಇಂಗ್ಲಿಷಿನಲ್ಲಿ ಹೇಳಿ ನಗಿಸಿದ. ಅಳತೆಯಲ್ಲಿ ಸೋತವನು ತಮಾಷೆಯಲ್ಲಿ ಗೆದ್ದು ಹೋಗುವುದನ್ನು ನಾನು ಆಫೀಸಿನವರಲ್ಲಿ ಬಹಳ ನೋಡಿದ್ದೇನೆ.

ಇನ್ನೊಂದು ಪೀಡೆ ಇತ್ತು. ಆ ಸಪೂರ ನಳಿಗೆ ನಾಲ್ಕಾರು ಗುಂಡಿಗೆ ಬಿಸಿಯಾಗಿ ಗುರಿಗಿಂತ ಮೇಲಮೇಲಕ್ಕೆ ಹೊಡೆಯುತ್ತಿತ್ತು. ಆಗ ಆತ ಬಂದೂಕಿನ ನಡು ಮುರಿದಿಟ್ಟು, ವಾಯ್ಡ್ ಡೆಕ್‌ನ ಪೇಪರ್ ತೆಗೆದು ಓದುತ್ತಾ ಕೂರುತ್ತಿದ್ದ. ಹಿಂದೆ ಜನ ಕಾಯುತ್ತಿದ್ದರೂ ಸೈ. "ತಣ್ಣಗಾಗ್ಲಿ, ಪಾಪ" ಎನ್ನುತ್ತಿದ್ದ. ಕಬ್ಬಿಣಕ್ಕೆ ಪಾಪ!

ವರ್ಷಕ್ಕೊಮ್ಮೆ ಆಯುಧಪೂಜೆಗೆ ಆತನ ನಾಟಕ ಬೇರೆ. ಟೆಕ್ಕಾ ಮಾರುಕಟ್ಟೆಯಿಂದ ಸೇವಂತಿಗೆ, ಎರಡು ನಿಂಬೆಹಣ್ಣು, ಮಾತ್ರೆಯ ಡಬ್ಬಿಯಲ್ಲಿ ಕುಂಕುಮ ತರುತ್ತಿದ್ದ. ಅಂಕಲ್ ಖಾಲಿ ಬಂದೂಕನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನೋಡುತ್ತಿದ್ದರು. ಪೂಜೆ ಮುಗಿದ ಮೇಲೆ ಆತ ಗುಂಡು ಹಾರಿಸದೆ ಮನೆಗೆ ಹೊರಡುತ್ತಿದ್ದ. ಪೂಜೆಯಾದ ಆಯುಧವನ್ನು ವಿಜಯದಶಮಿಯ ತನಕ ಮುಟ್ಟಬಾರದು, ಅದಕ್ಕೆ ಅದು ವಿಶ್ರಾಂತಿ ಎಂಬ ನಮ್ಮ ರೂಢಿಯನ್ನು ಅಂಕಲ್‌ಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಆತನೂ ಹೇಳಿರಲಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಅದು ಒಣಗುವ ಮೊದಲೇ ಮೀಟಿಂಗಿಗೆ ಕೂರುವ ಮನುಷ್ಯ ಆತ. ಬಂದೂಕಿಗೆ ಮಾತ್ರ ರಜೆ.

ಆಮೇಲೆ ಕ್ಲಬ್ಬಿನ ಬಂದೂಕು ಕೋಣೆಯಲ್ಲಿ ಜಾಗ ಸಾಲದೆ ಬಂತು. ಕಮಿಟಿಯವರು ಒಂದು ತೀರ್ಮಾನ ಮಾಡಿದರು. ಹಳೆಯ, ಅಗ್ಗದ ಬಂದೂಕುಗಳೆಲ್ಲ ಒಂದು ದಿನ ಪರೀಕ್ಷೆಗೆ ಬರಬೇಕು. ಐದು ಗುಂಡು ಗುರಿ ಕಾಗದದ ಕಪ್ಪು ವೃತ್ತದೊಳಗೆ ಬಿದ್ದರೆ ಗೂಟ ಉಳಿಯುತ್ತದೆ. ಬೀಳದಿದ್ದರೆ, ಬರದಿದ್ದರೆ, ಬಂದೂಕನ್ನು ಕತ್ತರಿಸಿ ನಾಶಮಾಡಲು ಕಳಿಸಿಬಿಡುವುದು. ಯಾರು ಬೇಕಾದರೂ ಹೊಡೆಯಬಹುದು, ಪರೀಕ್ಷೆ ಬಂದೂಕಿಗೆ. ಆ ದಿನ ಆಯುಧಪೂಜೆಯಂದೇ ಬಿತ್ತು.

ನಾನು ಒಳಗೊಳಗೇ ಸಂತೋಷಪಟ್ಟೆ. ಆ ಒಂಟಿಗುಂಡಿನದು ಉಳಿಯುವುದಿಲ್ಲ ಎಂದು ಕ್ಲಬ್ಬಿನ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟಿದ್ದೆ. ಆತ ಮಾತ್ರ ಲಿಫ್ಟಿನಲ್ಲಿ ಸಿಕ್ಕಾಗ, "ಬೆಳಿಗ್ಗೆ ಟೆಸ್ಟ್ ಮುಗಿಸ್ಬಿಡೋಣ, ಆಮೇಲೆ ಪೂಜೆ. ಡಿಸೈಡೆಡ್," ಎಂದ. ಆತನ ಮುಖದಲ್ಲಿ ಎಂದೂ ಕಾಣದ ಗಾಬರಿ ಇತ್ತು. ಹೆಂಡತಿ ಊರಿಗೆ ಹೋಗಿದ್ದಳು, ಮಗಳು ಮದುವೆಯಾಗಿ ದೂರವಿದ್ದಳು. ಶನಿವಾರಗಳಲ್ಲಿ ಆತನಿಗೆ ಹೋಗಲು ಇದ್ದ ಜಾಗ ಕ್ಲಬ್ಬಿನ ಆ ಶೂಟಿಂಗ್ ರೇಂಜ್ ಒಂದೇ. ಇನ್ನೊಂದು ಬಂದೂಕು ಕೊಳ್ಳುವ ಮನುಷ್ಯ ಆತನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ದಿನ ಇಬ್ಬರೂ ಒಟ್ಟಿಗೇ ಹೋದೆವು. ಬಂದೂಕು ಕೋಣೆಯ ಮುಂದೆ ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿ ನಿಂತಿದ್ದರು. ಮೇಜಿನ ಮೇಲೆ ಆ ಬಂದೂಕು. ಅದಕ್ಕೆ ಸೇವಂತಿಗೆ ಮಾಲೆ ಹಾಕಿತ್ತು. ಕುಂಕುಮ ಸಿಗದೆ ಯಾವುದೋ ಕೆಂಪು ಬಣ್ಣ ಕಲಸಿ, ನಳಿಗೆಗೊಂದು, ಮರಕ್ಕೊಂದು ಬೊಟ್ಟು ಇಟ್ಟಿದ್ದರು. ಕೆಳಗೆ ಎರಡು ನಿಂಬೆಹಣ್ಣು ಜಜ್ಜಿಟ್ಟಿತ್ತು. ಬಂದೂಕಿನ ಎಣ್ಣೆಯ ಜೊತೆ ಆ ವಾಸನೆ ಕೋಣೆಯೆಲ್ಲ ತುಂಬಿತ್ತು. ಚೀನೀಯರಲ್ಲಿ ಪಂದ್ಯಕ್ಕೆ ಮೊದಲೇ ಊದುಬತ್ತಿ ಹಚ್ಚಿ ಬೇಡಿಕೊಳ್ಳುತ್ತಾರೆ. ಇದೂ ಹಾಗೇ ಎಂದುಕೊಂಡಿದ್ದರು ಅಂಕಲ್.

"ಐ ಡು ಫಾರ್ ಯು ಆಲ್ರೆಡಿ," ಎಂದರು. "ಎವ್ರಿ ಇಯರ್ ಐ ಸೀ ಯು ಡು. ಟುಡೇ ಶೂರ್ ಪಾಸ್ ಲಾ."

ಎದುರುಮನೆಯಾತ ಚಪ್ಪಲಿ ಬಿಟ್ಟು, ಬಂದೂಕಿಗೆ ಕೈಮುಗಿದು, ಅಂಕಲ್‌ಗೂ ಕೈಮುಗಿದ.

"ಒರೆಸ್ರೀ ಸರ್, ಒರೆಸಿ ಹೊಡೀರಿ," ಎಂದೆ ನಾನು. "ಅವರಿಗೆ ಮಂತ್ರ ಗೊತ್ತಾ, ಶಾಸ್ತ್ರ ಗೊತ್ತಾ? ಇದು ಪೂಜೆ ಲೆಕ್ಕಕ್ಕೆ ಬರಲ್ಲ."

"ನಂಗೂ ಮಂತ್ರ ಗೊತ್ತಿಲ್ಲ ಗುರುಗಳೇ."

"ಹಂಗಾರೆ ನನಗೆ ಕೊಡಿ. ನಾ ಹೊಡೀತೀನಿ. ನಾನೇನೂ ಪೂಜೆ ಮಾಡಿಲ್ಲ."

"ಪೂಜೆ ಆಗಿರೋದು ಅದಕ್ಕೆ. ನಮಗಲ್ಲ."

ಕಮಿಟಿಯವನು ಬಂದು ಕರೆದ. ಇನ್ನೊಂದು ದಿನ ಸಿಗುತ್ತದೆಯೇ ಎಂದು ಎದುರುಮನೆಯಾತ ಕೇಳಿದ. ಇಲ್ಲ ಎಂದರು. ಏನು ಕಾರಣ ಎಂದು ಕೇಳಿದರೆ, ತೋಳು ನೋವು ಎಂದ. ಅಂಕಲ್ ಅಲ್ಲೇ ಇದ್ದರು, ನೋಡಿ. ಅವರ ಮುಖ ನೋಡಿಕೊಂಡು ತೋಳು ನೋವು ಎಂದ. ಮತ್ತೊಬ್ಬರು ಹೊಡೆಯಬಹುದಲ್ಲ ಎಂದರೆ, ತಲೆ ಆಡಿಸಿದ. ಅಷ್ಟು ವರ್ಷ ಒಂದೊಂದು ಸಾಸಿನ ಪೊಟ್ಟಣ ಬಿಡದ ಮನುಷ್ಯ ಇಡೀ ಬಂದೂಕನ್ನೇ ಬಿಟ್ಟುಕೊಟ್ಟು ಬಂದ. ಕೊಟ್ಟ ದುಡ್ಡಿಗೆ ಮೋಸ ಇಲ್ಲ ಎಂದು ನನ್ನ ಕಿವಿ ತಿಂದವನು!

ಎಂಆರ್‌ಟಿ ರೈಲಿನಲ್ಲಿ ಬರುವಾಗ ನನಗೆ ತಡೆಯಲಾಗಲಿಲ್ಲ. "ನಿಮ್ಮಂಥ ಹುಚ್ಚರನ್ನ ನೋಡಿಲ್ಲ ಸರ್," ಎಂದೆ. ಆತ ಕಿಟಕಿಯ ಹೊರಗೆ ನೋಡುತ್ತಿದ್ದ. "ಪಾಸ್ ಆಗ್ತಿತ್ತು ಅಲ್ವಾ?" ಎಂದು ಕೇಳಿದ. ನಾನು ಬಾಗಿಲ ಮೇಲಿನ ಸ್ಟೇಷನ್ನುಗಳ ಪಟ್ಟಿ ಓದತೊಡಗಿದೆ. ಕ್ಲೆಮೆಂಟಿ ದಾಟಿತು...

ದಸರೆ ಕಳೆದ ಮೇಲೆ ಬಂದೂಕು ಕತ್ತರಿಸಲು ಹೋಯಿತು. ಅಂಕಲ್‌ಗೆ ಕೊನೆಯವರೆಗೂ ಕಾರಣ ಗೊತ್ತಾಗಲಿಲ್ಲ. ತೋಳು ಹೇಗಿದೆ ಎಂದು ಕೇಳಿ ಒಂದು ನೋವಿನ ಮುಲಾಮು ಕೂಡ ನನ್ನ ಕೈಯಲ್ಲಿ ಕಳಿಸಿದ್ದರು. ಅದನ್ನು ಕೊಟ್ಟಾಗ ಎದುರುಮನೆಯಾತ ಡಬ್ಬಿ ತಿರುಗಿಸಿ, "ಫ್ರೀಯಾಗಿ ಬಂತಲ್ಲ, ಒಳ್ಳೇ ವ್ಯಾಲ್ಯೂ," ಎಂದ. ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಶನಿವಾರ ಕಾರಿಡಾರಿನಲ್ಲಿ ಬಟ್ಟೆ ಒಣಹಾಕಿ, ಪೇಪರ್ ಓದುತ್ತಾ ಕೂರುತ್ತಿದ್ದ. ಕೆಲಸ ಮುಗಿದ ವರ್ಷ ಮೈಸೂರಿಗೆ ಹೊರಟುಹೋದ. ಬಹಳ ದಿನ ಬಾಳಲಿಲ್ಲ. ಸುದ್ದಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬಂತು, ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ.

ಇಷ್ಟು ವರ್ಷ ಕಳೆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಕಳಪೆ ಬಂದೂಕು, ಆತ ಜಿಪುಣ, ಅಂದು ಮಾಡಿದ್ದು ಮೂರ್ಖತನ. ಆದರೆ ಆ ಬಂದೂಕು ಪಾಸಾಗುತ್ತಿತ್ತು. ಇದನ್ನು ಆತ ಕೇಳಿದಾಗಲೇ ಹೇಳಬಹುದಿತ್ತು... ನನ್ನ ಜರ್ಮನ್ ರೈಫಲ್ ಈಗಲೂ ಐದು ಸೆಂಟಿನ ನಾಣ್ಯದಡಿಯೇ ಹೊಡೆಯುತ್ತದೆ. ಹೊಡೆದು ಕಾಗದ ತೆಗೆದುಕೊಂಡು ಪಕ್ಕಕ್ಕೆ ತಿರುಗಿದರೆ ಯಾರಿದ್ದಾರೆ? ಒಳ್ಳೆಯ ಬಂದೂಕಿನವರೇ ಎಲ್ಲ. ಯಾರೂ ನಗಿಸುವುದಿಲ್ಲ.

ಇವತ್ತು ಪೂಜೆ ಮುಗಿದು ಪ್ರಸಾದ ಹಂಚಿದ ಕೂಡಲೇ ಗಿರಾಕಿಯ ಫೋನ್ ಬಂತು, ಅರ್ಜೆಂಟ್ ಮಾಲು ಬೇಕಂತೆ. ಯಂತ್ರಗಳನ್ನು ಶುರು ಮಾಡಿಸಿದೆ. ಈ ಊರಿನಲ್ಲಿ ದೇವರಿಗಾಗಿ ಬಾಡಿಗೆ ನಿಲ್ಲುವುದಿಲ್ಲ. ಮೂಲೆಯಲ್ಲಿ ಒಂದು ಹಳೆಯ ಲೇತ್ ಇದೆ. ಮುಚ್ಚಿಹೋದ ಅಂಗಡಿಯಿಂದ ಅಗ್ಗಕ್ಕೆ ಬಂದದ್ದು, ನಾನು ಇಡೀ ಜೀವಮಾನದಲ್ಲಿ ಅಗ್ಗಕ್ಕೆ ಕೊಂಡ ಒಂದೇ ಯಂತ್ರ. ಕೆಲಸದವನು ಅದರ ಹಾರ ತೆಗೆಯಲು ಹೋದ.

"ಅದು ಬೇಡ," ಎಂದೆ.

ಯಾಕೆ ಎಂದು ಕೇಳಿದ. ಬೇರಿಂಗ್ ಸರಿಯಿಲ್ಲ ಎಂದೆ.