ಮನೆ ಗಡಿಯಾರ ಎಷ್ಟು ಮುಂದಿತ್ತು

ಹಾಸನದ ಉಪಗ್ರಹ ಕೇಂದ್ರದಲ್ಲಿ ನನ್ನ ಕೆಲಸವೆಂದರೆ ಗಡಿಯಾರ ಕಾಯುವುದು. ಉಪಗ್ರಹಗಳೊಳಗಿನ ಪರಮಾಣು ಗಡಿಯಾರಗಳನ್ನು ನೆಲದ ಮೇಲಿನ ನಮ್ಮ ಗಡಿಯಾರದೊಂದಿಗೆ ತಾಳೆ ನೋಡಬೇಕು. ಪರಮಾಣುವಿನ ಮಿಡಿತವನ್ನೇ ಎಣಿಸುವ ಅವು ಕೂಡ ಕೂದಲೆಳೆಯಷ್ಟು ತಪ್ಪುತ್ತವೆ. ತಪ್ಪಿದ ಕೂಡಲೇ ನಾವು ಮುಳ್ಳು ತಿರುಗಿಸಲು ಹೋಗುವುದಿಲ್ಲ. ಎಷ್ಟು ತಪ್ಪಿದೆ ಎಂಬ ಲೆಕ್ಕವನ್ನು ಮೇಲಕ್ಕೆ ಕಳಿಸುತ್ತೇವೆ. ಉಪಗ್ರಹ ಕಳಿಸುವ ಸಮಯದ ಜೊತೆಗೆ ಆ ಲೆಕ್ಕವೂ ಕೆಳಗೆ ಬರುತ್ತದೆ. ಕೂಡಿ ಕಳೆದು ಸರಿಮಾಡಿಕೊಳ್ಳುವುದು ಕೇಳಿಸಿಕೊಂಡವರ ಪಾಡು.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮಾತ್ರ ದೀಪದ ಬುಡದಲ್ಲಿ ಕತ್ತಲೆ. ನನಗೆ ಹಾಸನದ ಬಸ್ಸು ತಪ್ಪದಿರಲೆಂದು ನಮ್ಮ ಯಜಮಾನರು ಗೋಡೆ ಗಡಿಯಾರವನ್ನು ಬೇಕೆಂದೇ ಮುಂದೆ ಇಡುತ್ತಿದ್ದರು. "ಬಸ್ಸಿನೋನು ನಿನ್ ಆಫೀಸ್ ಟೈಮ್ ಕೇಳಲ್ಲ ಕಣೆ" ಎನ್ನುತ್ತಿದ್ದರು. ಸ್ಟೂಲ್ ಹತ್ತಿ ಮುಳ್ಳು ತಿರುಗಿಸುತ್ತಾ "ಸಾಕಾ?" ಎಂದು ಕೇಳುವರು. ಒಲೆಯ ಮುಂದೆ ನಿಂತ ನಾನು ತಲೆಯೆತ್ತದೆ "ಇನ್ನೊಂಚೂರು" ಎನ್ನುವೆ. ಬೆಳಿಗ್ಗೆ ಆ ಗಡಿಯಾರ ನೋಡಿ, ಅಂದಾಜಿನಲ್ಲಿ ಒಂದಿಷ್ಟು ಕಳೆದು, ಇನ್ನೊಂದು ಲೋಟ ಕಾಫಿ ಕುಡಿದೇ ಹೊರಡುತ್ತಿದ್ದೆ.

ಅವರು ತೀರಿಕೊಂಡ ಮೇಲೂ ಅದು ಹಾಗೇ ಮುಂದೆ ಓಡುತ್ತಿತ್ತು. ಒಂಟಿ ಮನೆಯಲ್ಲಿ ನನ್ನನ್ನು ಅವಸರಪಡಿಸುತ್ತಿದ್ದುದು ಅದೊಂದೇ.

ಮೊನ್ನೆ ಭಾನುವಾರ ಅರಕಲಗೂಡಿನಿಂದ ಮೈದುನ ಬಂದಿದ್ದ. ಹೊರಡುವಾಗ ಹೇಳಿದ: "ಅತ್ಗೆ, ಗಡಿಯಾರ ನಿಂತೋಗಿತ್ತು. ಒಸ ಸೆಲ್ ಆಕಿವ್ನಿ. ಫೋನ್ ನೋಡ್ಕಂಡು ಕರೆಕ್ಟಾಗಿ ಮಡಗಿವ್ನಿ."

ಒಳ್ಳೆಯದಾಯಿತು ಎಂದೆ. ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮರುದಿನ ಎಂದಿನಂತೆ ಗಡಿಯಾರ ನೋಡಿದೆ, ಎಂದಿನಂತೆ ಕಳೆದೆ, ನಿಧಾನವಾಗಿ ಕಾಫಿ ಕುಡಿದೆ. ನಿಲ್ದಾಣಕ್ಕೆ ಹೋದರೆ ಬಸ್ಸು ಹೊರಟುಹೋಗಿತ್ತು. ನನಗೆ ಅನ್ನ ಹಾಕುವ ಸರಿಯಾದ ಸಮಯದ ಮೇಲೆಯೇ ಅಂದು ಸಿಟ್ಟು ಬಂತು. ಪಾಪ, ಮೈದುನನನ್ನೂ ಬೈದುಕೊಂಡೆ. ಬೆಂಚಿನ ಮೇಲೆ ಕೂತಾಗ ಅಳು ಬಂತು.

ಸಂಜೆ ಮನೆಗೆ ಬಂದವಳೇ ಸ್ಟೂಲ್ ಎಳೆದುಕೊಂಡು ಹತ್ತಿದೆ, ಅವರಿಟ್ಟ ಹಾಗೆಯೇ ಇಡೋಣವೆಂದು. ತಿರುಪಿಗೆ ಕೈಹಾಕಿದ ಮೇಲೆ ತೋಚಲಿಲ್ಲ. ಎಷ್ಟು ಮುಂದೆ? ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ತಪ್ಪಿದರೂ ಹಿಡಿಯುವವಳು, ತಲೆಯ ಮೇಲಿದ್ದ ಈ ತಪ್ಪನ್ನು ಒಮ್ಮೆಯೂ ಅಳೆದಿರಲಿಲ್ಲ. ಕೇಳಿದ್ದರೆ ಅವರಿಗೂ ಗೊತ್ತಿರುತ್ತಿರಲಿಲ್ಲ. ನಾವಿಬ್ಬರೂ ಕೂಗಿ ಹೇಳಿಕೊಂಡು ನಿಲ್ಲಿಸಿದಲ್ಲಿಗೆ ಮುಳ್ಳು ನಿಲ್ಲುತ್ತಿತ್ತು.

ಮುಳ್ಳನ್ನು ಸ್ವಲ್ಪ ಮುಂದೆ ತಿರುಗಿಸಿದೆ. "ಸಾಕಾ?" ಎಂದು ಕೇಳಿದೆ. ಒಲೆಯ ಮುಂದೆ ಯಾರೂ ಇರಲಿಲ್ಲ.