ಮುಚ್ಚಳದ ದಪ್ಪಕ್ಕೊಂದು ಪಂಚಾಯ್ತಿ

ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಉಕ್ಕಿನ ದಪ್ಪ ಲೆಕ್ಕ ಹಾಕಿ ನಿವೃತ್ತನಾದವನು ನಾನು. ಈಗಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ಕಾಫಿ ಮುಗಿಸುತ್ತೇನೆ, ಆರಕ್ಕೆ ಪೆನ್ಸಿಲ್ ಚೂಪು ಮಾಡಿಡುತ್ತೇನೆ. ಬರೆಯುವುದಕ್ಕೆ ಏನೂ ಇರುವುದಿಲ್ಲ. ಅದು ಪೆನ್ಸಿಲ್ಲಿನ ತಪ್ಪಲ್ಲ.

ಹೊನ್ನವಳ್ಳಿಯ ಹತ್ತಿರ ನನ್ನ ತಂಗಿ ಮತ್ತು ಅವಳ ಗಂಡ ಕೊಬ್ಬರಿ ಪುಡಿ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಾರೆ. ಅಲ್ಲಿ ಕಾಯಿಚೂರಿಗೆ ಹಬೆ ಕೊಡುವ ಉಕ್ಕಿನ ಹಂಡೆಯೊಂದು ಅಡ್ಡಲಾಗಿ ಮಲಗಿದೆ. ಅದರ ಬಾಯಿಗೆ ಎರಡಡಿ ಅಗಲದ ಚಪ್ಪಟೆ ಮುಚ್ಚಳ, ಆಕಾರ ಉದ್ದಿನ ವಡೆಯದು. ನಡುವಿನ ತೂತಿನಲ್ಲಿ ಹಬೆಯ ಕೊಳವೆ ಒಳಗೆ ಹೋಗುತ್ತದೆ. ದಿನಾ ಬೆಳಗ್ಗೆ ಅದರ ಮುಂದೆ ನಿಂತು ಹಬೆ ತಿರುಗಿಸುವವಳು ನನ್ನ ತಂಗಿ. ಹೋದ ವರ್ಷ ಮುಚ್ಚಳದಲ್ಲಿ ಬಿರುಕು ಕಂಡು ಕೆಲಸ ನಿಲ್ಲಿಸಿದವಳೂ ಅವಳೇ.

ಅವಳ ಗಂಡ, ಅಂದರೆ ನನ್ನ ಭಾವಮೈದುನ, ತಿಪಟೂರಿನಿಂದ ಎಂಟು ಮಿಲಿಮೀಟರ್ ದಪ್ಪದ ಹೊಸ ಮುಚ್ಚಳ ಮಾಡಿಸಿ ತಂದ. ಕಾಯಿ ತಟ್ಟಿ ಒಳಗಿನ ಸಮಾಚಾರ ಹೇಳುವುದರಲ್ಲಿ ಅವನು ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಧೈರ್ಯದಲ್ಲಿ ಉಕ್ಕನ್ನೂ ಹಗ್ಗದಲ್ಲಿ ತೂಗುಹಾಕಿ ಬೆರಳಲ್ಲಿ ತಟ್ಟಿದ.

"ಕೇಳಿ ಭಾವ, ಹೆಂಗೆ ನುಡೀತೈತೆ. ಬಲಿತ ಕಾಯಿ ಕಣ್ರೀ ಇದು."

ತೆಳ್ಳಗಿರುವುದೇ ಹೆಚ್ಚು ನುಡಿಯುತ್ತದೆ ಎಂದೆ. ಅವನು ಒಪ್ಪಲಿಲ್ಲ.

"ಮಧ್ಯ ತೂತು ಕೊರೆದ್ಮೇಲೆ ಒತ್ತೋಕೆ ಹಬೆಗೆ ಜಾಗ ಎಲ್ಲೈತೆ ಭಾವ? ಇನ್ನೂ ತೆಳ್ಳಗೇ ಸಾಕಾಗಿತ್ತು."

ತೂತಿನ ಅಂಚಿಗೇ ಹೆಚ್ಚು ಕಷ್ಟ ಬೀಳುತ್ತದೆ. ಹಬೆಯ ಒತ್ತಡ ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟಾದರೆ ಸಾಕು, ಆದರೆ ಅಗಲ ಎರಡು ಪಟ್ಟಾದರೆ ದಪ್ಪವೂ ಎರಡು ಪಟ್ಟಾಗಲೇಬೇಕು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವನು ಎಲೆ ಅಡಿಕೆ ಹಾಕಿಕೊಂಡಿದ್ದ. ಮರುದಿನ ಆರಕ್ಕೆ ಪೆನ್ಸಿಲ್ಲಿಗೆ ಕೆಲಸ ಸಿಕ್ಕಿತು. ಬೇಕಾದ ದಪ್ಪ ಹತ್ತೂವರೆ ಮಿಲಿಮೀಟರ್ ದಾಟಿತು, ಅಂಗಡಿಯಲ್ಲಿ ಸಿಗುವ ಉಕ್ಕಿನ ಹಲಗೆಯ ಲೆಕ್ಕದಲ್ಲಿ ಹನ್ನೆರಡು.

ವಿಷಯ ಅವರ ಮನೆಯ ಹಿರಿಯರಾದ ದೊಡ್ಡಪ್ಪನವರ ಜಗಲಿ ಹತ್ತಿತು. ಊರಿನ ಅರ್ಧ ತೋಟಗಳ ಬದುವಿನ ಜಗಳ ಬಗೆಹರಿಸಿದವರು ಅವರು. ನನ್ನ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿ, ಹಿಂದಿರುಗಿಸಿದರು.

"ಅವನು ಎಂಟು ಅಂತಾನೆ, ನೀವು ಹನ್ನೆರಡು ಅಂತೀರಿ. ಇಬ್ಬರಿಗೂ ಬ್ಯಾಡ, ಹತ್ತಕ್ಕೆ ಇತ್ಯರ್ಥ ಮಾಡ್ಕಳಿ. ಬೀಗರ ಮಧ್ಯೆ ಮನಸ್ತಾಪ ಯಾಕೆ."

ಎಲ್ಲರೂ ತಲೆದೂಗಿದರು. ಹಬೆ ಮಾತ್ರ ಪಂಚಾಯ್ತಿಗೆ ಬಂದಿರಲಿಲ್ಲ.

ಕಾಫಿ ಲೋಟ ತೆಗೆದುಕೊಳ್ಳಲು ಬಂದ ತಂಗಿ ಅಲ್ಲೇ ನಿಂತಳು. "ಅದರ ಮುಂದೆ ನಿಂತ್ಕಳೋಳು ನಾನು. ನನ್ನ ಯಾರೂ ಕೇಳ್ನಿಲ್ಲ. ಹತ್ತು ಸಾಕು ಅಂದೋರು ನಾಳೆ ಬಂದು ಮೊದಲ ಹಬೆ ತಿರುಗಿಸಿ, ನಾನು ಹಿಂದೆ ನಿಂತು ನೋಡ್ತೀನಿ."

ದೊಡ್ಡಪ್ಪನವರಿಗೆ ಮಂಡಿನೋವು ನೆನಪಾಯಿತು. ಭಾವಮೈದುನನಿಗೆ ನಾಳೆ ತಿಪಟೂರು ಮಾರ್ಕೆಟ್ಟು. ಅವಳು ನನ್ನ ಕಡೆ ತಿರುಗಿದಳು.

"ಹನ್ನೆರಡು ಹಾಕಿದ್ರೆ ನೀನು ನಿಂತ್ಕಂತೀಯಾ ಅಣ್ಣ?"

"ನಿಲ್ಲುತ್ತೇನೆ," ಎಂದೆ, ತಕ್ಷಣ.

ಮರುದಿನ ಪೆನ್ಸಿಲ್ಲನ್ನು ಐದಕ್ಕೇ ಚೂಪು ಮಾಡಿದೆ. ಕಾಫಿ ಆರಿತು. ಎರಡನೆಯ ಸಲಕ್ಕೆ ತಪ್ಪು ಸಿಕ್ಕಿತು: ಮುಚ್ಚಳದ ಅಂಚನ್ನು ಬೋಲ್ಟುಗಳು ಅಲ್ಲಾಡದಂತೆ ಹಿಡಿದಿವೆ ಎಂದು ನಾನು ಭಾವಿಸಿದ್ದೆ. ಆದರೆ ಅಂಚಿನ ಕೆಳಗಿರುವುದು ಮೆತ್ತನೆಯ ರಬ್ಬರು. ಒತ್ತಡ ಬಿದ್ದಾಗ ಅಂಚು ತುಸು ವಾಲುತ್ತದೆ. ಹಾಗೆ ವಾಲುವ ತಟ್ಟೆಗೆ ಹೆಚ್ಚು ದಪ್ಪ ಬೇಕು. ಹೊಸ ಲೆಕ್ಕ ಹದಿಮೂರೂವರೆ ದಾಟಿತು. ತೂತಿನ ಪಾಲೂ ಸೇರಿಸಿ ಹದಿನಾರು ಎಂದು ಬರೆದುಕೊಂಡು ಹೋದೆ.

ಮಾರ್ಕೆಟ್ಟಿಗೆ ಹೋಗದೆ ಮನೆಯಲ್ಲೇ ಇದ್ದ ಭಾವಮೈದುನನ ಮುಖ ಅರಳಿತು. "ನೋಡಿ ಮತ್ತೆ. ಲೆಕ್ಕಾನೂ ದಿನಕ್ಕೊಂದು ಥರಾ ನುಡೀತೈತೆ."

"ನುಡಿದಿದ್ದು ಲೆಕ್ಕ ಅಲ್ಲ ಬುಡಿ," ಎಂದಳು ತಂಗಿ. "ನಾನು ನಿಂತ್ಕಳೋವಾಗ ಹನ್ನೆರಡು ಇತ್ತು. ಅಣ್ಣ ನಿಂತ್ಕಬೇಕು ಅಂದ್ಮೇಲೆ ನಾಕು ಜಾಸ್ತಿ ಆಯ್ತು."

ನಾನು ಹಾಳೆಯಲ್ಲಿ ಹದಿನಾರರ ಕೆಳಗೆ ಎರಡು ಗೆರೆ ಎಳೆದೆ.

ಹದಿನಾರರ ಮುಚ್ಚಳ ಬಂತು. ಭಾವಮೈದುನ ತಟ್ಟಿದ, ಅದು ಹೆಚ್ಚೇನೂ ನುಡಿಯಲಿಲ್ಲ. "ಎಳೇಕಾಯಿ," ಎಂದ. ಮೊದಲು ನೀರು ತುಂಬಿ ಒತ್ತಿ ನೋಡಿದೆವು, ಹನಿ ಜಿನುಗಲಿಲ್ಲ. ಆಮೇಲೆ ಮುಂದೆ ನಿಂತು ಹಬೆ ತಿರುಗಿಸಿದವನು ನಾನು. ಹತ್ತು ನಿಮಿಷ ನಿಲ್ಲಿಸಿ, ಗಡಿಯಾರ ನೋಡಿ, ತಂಗಿ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಸಾಕು ಅಣ್ಣ, ಕಾಯಿ ಕಾಯ್ತಾ ಅವೆ," ಎಂದು ತನ್ನ ಜಾಗದಲ್ಲಿ ನಿಂತಳು.