ಮೆಣಸಿನಕಾಯಿ ಅಂಗಡ್ಯಾಗ ದುಬೈ ಥಂಡಿ

ಬ್ಯಾಡಗಿಯ ದಾದಾಪೀರ ದುಬೈದಾಗ ಎಸಿ ರಿಪೇರಿ ಕಲ್ತು ತೊಂಬತ್ತೆರಡರ ಬ್ಯಾಸಗ್ಯಾಗ ಊರಿಗೆ ಬಂದ. ಬಂದ ಅಂದ್ರ ಸುಮ್ಮನ ಬಂದನ? ಕಣ್ಣಿಗೆ ಕರೀ ಚಷ್ಮಾ, ಮೈತುಂಬ ಅತ್ತರು, ಮಾತಿಗೊಮ್ಮೆ "ನಮ್ಮ ಉಸ್ತಾದ ಹಿಂಗ ಹೇಳ್ತಿದ್ರು". ಆ ಪಠಾಣ ಉಸ್ತಾದನ ಕೈಕೆಳಗ ಮೂರು ವರ್ಷ ಬೈಸಿಕೊಂಡು ಕಲಿತಿದ್ದ. ಕಡೀ ದಿನ ಉಸ್ತಾದ ನಟ್ಟು ಬಿಗಿಯೋ ತನ್ನ ಸ್ವಂತ ಪಕ್ಕಡ ಇವನ ಕೈಯಾಗಿಟ್ಟು, "ಇನ್ನ ನೀನೂ ಮಿಸ್ತ್ರಿ" ಅಂದಿದ್ದ. ಆ ಪಕ್ಕಡ ಊಟಕ್ಕ ಕುಂತಾಗೂ ದಾದಾಪೀರನ ಕಿಸೇದಾಗ ಇರ್ತಿತ್ತು.

ಖರೇ ಹೇಳಬೇಕಂದ್ರ, ಅವನ ಜೀವ ಇದ್ದದ್ದು ಮುಮ್ತಾಜಬಿ ಮ್ಯಾಲೆ. ಆಕೀ ಅಪ್ಪ ಚಮನಸಾಬ, ಮೆಣಸಿನಕಾಯಿ ದಲಾಲಿ. ಹೆಣ್ಣು ಕೇಳಾಕ ಹೋದ್ರ ಆ ಮನುಷ್ಯಾ ಗಡ್ಡ ನೀವಿಕೊಂಡ.

"ದುಬೈ ನೋಡಿ ಬಂದವರೆಲ್ಲ ಮಿಸ್ತ್ರಿ ಆಗ್ತಾರೇನಪಾ? ಹುಬ್ಬಳ್ಳಿಯಿಂದ ಒಂದು ಹಳೇ ಎಸಿ ತಂದೇನಿ. ನನ್ನ ಅಂಗಡ್ಯಾಗ ಕುಂದ್ರಿಸಿ ಥಂಡಿ ಮಾಡಿ ತೋರ್ಸು. ಆಮ್ಯಾಲೆ ಮಗಳ ಮಾತು."

ದಾದಾಪೀರ ಹಿಂದಿನ ಗ್ವಾಡಿ ಒಡೆದು ಮಷೀನ ಕುಂದ್ರಿಸಿದ. ಚಲೋ ಕೆಲಸ, ಅದರಾಗ ಎರಡು ಮಾತಿಲ್ಲ. ನೋಡಾಕ ಬಳಗದ ಹಿರ್ಯಾರೆಲ್ಲ ಬಂದು ಕುಂತ್ರು. ಮಂದಿ ತುಂಬಿದ ಖೋಲಿಗೆ ಹೊರಗಿನ ಹೊಸಾ ಗಾಳಿ ಬೇಕು ಅಂತ ಉಸ್ತಾದ ಕಲಿಸಿದ್ದ. ಅದಕ್ಕ ಮಷೀನಿನ ಗಾಳಿಕಂಡಿ ತೆರೆದು, "ಬಿಸ್ಮಿಲ್ಲಾ" ಅಂದು ಬಟನ್ ಒತ್ತಿದ.

ದುಬೈದಾಗ ಹೊರಗ ಬರೇ ಮರಳು ಇತ್ತು. ಇಲ್ಲಿ ಗ್ವಾಡಿ ಹಿಂದ ಏನಿತ್ತು? ಚಮನಸಾಬನ ಅಂಗಳ! ಕೂಲಿಗೆ ಬಂದ ಕರಿಯವ್ವ ಮತ್ತ ಆಕೀ ಜೋಡಿಯ ಹೆಣ್ಮಕ್ಕಳು ರಾಶಿ ಮುಂದ ಕುಂತು ಮೆಣಸಿನಕಾಯಿ ತೊಟ್ಟು ಮುರಿಯಾಕತ್ತಿದ್ರು. ಹುಟ್ಟಿ ಬೆಳೆದ ಊರಿನ ಘಾಟು ಮರೆತುಬಿಟ್ಟಿದ್ದ ಪುಣ್ಯಾತ್ಮ.

ಮೊದಲು ಥಂಡಿ ಬಂತು. "ವಾಹ್!" ಅಂದ್ರು ಹಿರ್ಯಾರು. ಮರುಗಳಿಗೀಗೆ ಒಬ್ಬ ಸೀನಿದ, ಇನ್ನೊಬ್ಬ ಕೆಮ್ಮಿದ, ಆಮ್ಯಾಲೆ ಅಂಗಡಿಗೆ ಅಂಗಡೀನ ಎದ್ದು ಚಪ್ಪಲಿ ಬಿಟ್ಟು ಬೀದಿಗೆ ಓಡಿತು. ಚಮನಸಾಬ ಟೊಪಗಿ ಮೂಗಿಗೆ ಒತ್ತಿಕೊಂಡು, "ಥಂಡಿ ಅಲ್ಲೋ ಇದು, ಒಗ್ಗರಣಿ!" ಅಂತ ಒದರಿದ. ಅಂಗಳದಾಗ ಕರಿಯವ್ವ ಹೊಟ್ಟೀ ಹಿಡಕೊಂಡು ನಗಾಕತ್ತಿದ್ಲು.

ಭೂಮಿ ಬಾಯಿಬಿಟ್ಟು ನುಂಗಬಾರದಾ ಅನಿಸ್ತು ದಾದಾಪೀರಗ. ಮುಮ್ತಾಜಬಿ ಕೈ ತಪ್ಪಿದ್ಲು ಅಂದುಕೊಂಡ. ಆದ್ರೂ ಮಷೀನ ಬಿಟ್ಟು ಓಡಲಿಲ್ಲ. ಕಣ್ಣಾಗ ನೀರು, ಮೂಗಿನಾಗ ನೀರು. ಅತ್ತರಿನ ರುಮಾಲು ಮುಖಕ್ಕ ಸುತ್ತಿ, ಉಸ್ತಾದನ ಪಕ್ಕಡ ಹಿಡಿದು ಕಂಡಿ ಬಿಗಿಯಾಗಿ ಮುಚ್ಚಿದ. ಬಾಗಿಲಾ ತೆರೆದು ಘಾಟು ಹೊರಗ ಹಾಕಿ ಮತ್ತ ಚಾಲೂ ಮಾಡಿದ. ಈ ಸಲ ಬರೇ ಥಂಡಿ. ಆದ್ರ ನೋಡಾಕ ಒಬ್ರೂ ಒಳಗ ಕಾಲಿಡವಲ್ರು.

ಕೆಮ್ಮೋರಿಗೆ ನೀರು ತಂದಿದ್ದ ಮುಮ್ತಾಜಬಿ ತಂಬಿಗಿ ಕೆಳಗಿಟ್ಟು, ಸೀದಾ ಒಳಗ ಬಂದು ಅಪ್ಪನ ಗಾದಿ ಮ್ಯಾಲೆ ಕುಂತ್ಲು. "ಅಬ್ಬಾ, ಬರ್ರಿ. ಭಾಳ ತಂಪೈತಿ," ಅಂತ ಅಪ್ಪನ್ನ ಕರೆದ್ಲು.

ಚಮನಸಾಬ ಹೊಸ್ತಲದಾಗ ನಿಂತು ಮೂಗಷ್ಟ ಒಳಗ ಹಾಕಿ ನೋಡಿದ. ಮಗಳನ್ನ ನೋಡಿದ. ಮೆಣಸಿನಕಾಯಿಗಿಂತ ಕೆಂಪಾಗಿದ್ದ ದಾದಾಪೀರನ ಕಣ್ಣು ನೋಡಿದ.

"ಮಿಸ್ತ್ರಿ ಹೌದಪಾ ನೀ," ಅಂದ. "ಆದ್ರ ನಿಕಾಹದ ದಿನ ಈ ಸುಡುಗಾಡು ಮಷೀನ ಚಾಲೂ ಮಾಡಬ್ಯಾಡ."